ಕಿಟಕಿಯ ಹೊರಗಿನ ಲೋಟ

ಕಳೆದ ತಿಂಗಳು ಸ್ಯಾನ್ ಡಿಯೇಗೋದ ಒಂದು ಅಂಗಡಿಯಲ್ಲಿ ಯಾರೋ ಕಾಫಿಪುಡಿಯ ಪೊಟ್ಟಣವನ್ನು ಬೀಳಿಸಿದರು. ಅದು ಒಡೆದು ಪುಡಿ ನೆಲದ ತುಂಬ ಹರಡಿತು. ಪಕ್ಕದ ಸಾಲಿನಲ್ಲಿ ಅಕ್ಕಿಚೀಲಗಳನ್ನು ನೋಡುತ್ತಿದ್ದ ನಾನು ಹಾಗೆಯೇ ನಿಂತುಬಿಟ್ಟೆ. ಅದು ಬರೀ ಕಾಫಿಯ ವಾಸನೆಯಲ್ಲ, ಚಿಕೋರಿ ಬೆರೆತ ಕಾಫಿಯ ವಾಸನೆ. ಅದರಲ್ಲಿ ಸ್ವಲ್ಪ ಸೀದ ಬೆಲ್ಲವಿದೆ, ಸ್ವಲ್ಪ ಬಿಸಿಲಿಗೆ ಕಾದ ಮಣ್ಣಿದೆ. ಅಂಗಡಿಯವರು ಬಂದು ಗುಡಿಸಿ, ಒರೆಸಿ, ಹಳದಿ ಬೋರ್ಡು ಇಟ್ಟು ಹೋದರು. ನನಗೆ ಮಾತ್ರ ಒಂದು ಹಿತ್ತಿಲು ಕಾಣಿಸುತ್ತಿತ್ತು. ನಿಂಬೆಗಿಡದ ನೆರಳು, ಎರಡು ಮಡಚುವ ಕುರ್ಚಿ, ಒಂದರಲ್ಲಿ ನನ್ನ ಅಜ್ಜಿ, ಇನ್ನೊಂದರಲ್ಲಿ ಮಿಸ್ ಲೂಸಿಲ್. ಈಗ ಆ ಹಿತ್ತಿಲೂ ಇಲ್ಲ, ನಿಂಬೆಗಿಡವೂ ಇಲ್ಲ. ನೀವು ಬಾಳಿದ ಒಂದು ಮನೆ ಹೀಗೆ ಗುರುತಿಲ್ಲದೆ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ, ಅದು ವಾಪಸು ಬರುವುದು ಇಂಥ ಜಾಗಗಳಲ್ಲೇ.

ಆ ಮನೆ ಇದ್ದದ್ದು ಪಸಡೀನಾದ ಮೇಲಂಚಿನಲ್ಲಿ, ಬೆಟ್ಟದ ಬುಡಕ್ಕೆ ತಾಗಿದ ಒಂದು ರಸ್ತೆಯಲ್ಲಿ. ರಸ್ತೆಯ ಕಡೆಗೆ ಮಿಸ್ ಲೂಸಿಲ್ ಅವರ ಮರದ ಮನೆ, ಅದಕ್ಕೊಂದು ಅಗಲವಾದ ಜಗಲಿ. ಅದರ ಹಿತ್ತಿಲಿನಲ್ಲಿ, ಒಂದು ಕಾಲಕ್ಕೆ ಕಾರು ನಿಲ್ಲಿಸುವ ಶೆಡ್ಡಾಗಿದ್ದ ಪುಟ್ಟ ಮನೆಯಲ್ಲಿ ನಾವು ಬಾಡಿಗೆಗಿದ್ದೆವು. ಅಪ್ಪ ಅಲ್ಲಿಯ ಬಾಹ್ಯಾಕಾಶ ಲ್ಯಾಬಿನಲ್ಲಿ ಇಂಜಿನಿಯರ್. ನಾನು ಉಡುಪಿಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿ ಬಂದವಳು, ಹಾಗಾಗಿ ನನ್ನ ಕನ್ನಡ ಅಕ್ಷರಗಳು ಮರೆತುಹೋಗಿರಲಿಲ್ಲ. ಅಪ್ಪನ ತಾಯಿ, ನಮ್ಮ ಅಜ್ಜಿ, ಆ ಚಳಿಗಾಲದಲ್ಲಿ ಒಂದಷ್ಟು ತಿಂಗಳು ಇದ್ದು ಹೋಗೋಣವೆಂದು ಬಂದಿದ್ದರು. ಅಷ್ಟರಲ್ಲಿ ಕೊರೊನಾ ಬಂತು, ವಿಮಾನಗಳು ನಿಂತವು, ಅಜ್ಜಿ ಸಿಕ್ಕಿಹಾಕಿಕೊಂಡರು. ಬೆಳಿಗ್ಗೆ ಮಿಂದು, ಬಾತ್‌ರೂಮಿನ ಹಗ್ಗದ ಮೇಲೆ ಕೋಲಿನಿಂದ ಹರವಿದ್ದ ಮಡಿಸೀರೆಯನ್ನು ಉಟ್ಟರೆಂದರೆ, ಮಧ್ಯಾಹ್ನದ ಊಟವಾಗುವವರೆಗೆ ಅವರನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಆ ಗೂಡಿನಂಥ ಮನೆಯಲ್ಲಿ ಅಪ್ಪ, ಅಮ್ಮ, ನಾನು ಅವರಿಗೆ ದಾರಿ ಬಿಡುತ್ತ ಗೋಡೆಗೆ ಅಂಟಿಕೊಂಡು ಓಡಾಡುತ್ತಿದ್ದೆವು. ಅಮೆರಿಕ ದೊಡ್ಡ ದೇಶ ಅಂತ ಹೇಳಿದವರನ್ನು ಅಜ್ಜಿ ಆಗಾಗ ಬೈಯುತ್ತಿದ್ದರು.

ಮಿಸ್ ಲೂಸಿಲ್ ಕಪ್ಪು ಜನಾಂಗದ ನಾಯಕಿ, ಊರಿನ ಕೌನ್ಸಿಲ್‌ನಲ್ಲಿ ವರ್ಷಗಟ್ಟಲೆ ಕೂತು ಜಗಳವಾಡಿದವರು ಎಂದು ಅಪ್ಪ ಮೊದಲೇ ಹೇಳಿದ್ದರು. ನನ್ನ ಕಣ್ಣಿನಲ್ಲಿ ನಾಯಕರೆಂದರೆ ಹಾರ, ಮೈಕು, ಹಿಂದೆ ಹತ್ತು ಕಾರು. ಇವರು ನೋಡಿದರೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹಿತ್ತಿಲಿನ ಕಳೆ ಕೀಳುತ್ತಿದ್ದರು. ಎಂಬತ್ತು ದಾಟಿದ ಉದ್ದನೆಯ ಹೆಂಗಸು. ಬೆಳ್ಳಿ ಕೂದಲು, ಸೋಮವಾರವೂ ಕಿವಿಯಲ್ಲಿ ಮುತ್ತು. ಅವರ ಮುಂಬಾಗಿಲಿಗೆ ಒಂದು ಕಲ್ಲನ್ನು ಅಡ್ಡ ಇಟ್ಟಿದ್ದರು, ಗಾಳಿಗೆ ಬಾಗಿಲು ಬಡಿಯದಿರಲಿ ಅಂತ. ಮೊದಲ ಸಲ ಚುನಾವಣೆಗೆ ನಿಂತಾಗ ಯಾರೋ ಅವರ ಕಿಟಕಿಯೊಳಗೆ ಎಸೆದ ಕಲ್ಲು ಅದು. ಅದಕ್ಕೆ ಅವರು ಇಟ್ಟ ಹೆಸರು ‘ನನ್ನ ಮೊದಲನೇ ವೋಟು’. ಯಾರಾದರೂ ಎಡವಿದರೆ, “ನೋಡಿಕೊಂಡು, ಅವರು ನನ್ನ ಮತದಾರರು” ಅನ್ನುತ್ತಿದ್ದರು.

ಅವರ ಕಥೆ ನನಗೆ ತುಂಡುತುಂಡಾಗಿ ಸಿಕ್ಕಿತು. ಶಾಲೆ ಮುಚ್ಚಿತ್ತು, ಆನ್‌ಲೈನ್ ಕ್ಲಾಸಿನಲ್ಲಿ ಕ್ಯಾಮೆರಾ ಆಫ್ ಮಾಡಿ ನಾನು ಜಗಲಿಯ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಅವರು ಮೇಲೆ ಮಾಸ್ಕು ಹಾಕಿಕೊಂಡು ತೂಗುಕುರ್ಚಿಯಲ್ಲಿ. ಲೂಯಿಸಿಯಾನಾದಿಂದ ರೈಲಿನಲ್ಲಿ ಬಂದ ಅಪ್ಪ ಅಮ್ಮ, ಮನೆಗೆಲಸಕ್ಕೆ ಹೋಗುತ್ತಿದ್ದ ತಾಯಿ, ಕಪ್ಪು ಜನರಿಗೆ ಮನೆ ಮಾರಕೂಡದೆಂದು ಕಾಗದದಲ್ಲೇ ಬರೆದುಕೊಂಡಿದ್ದ ಬೀದಿಗಳು. ಅವರು ಶಾಲೆಯಲ್ಲಿ ನರ್ಸಾಗಿದ್ದರಂತೆ. ಒಂದೇ ಊರಿನ ಬಡವರ ಶಾಲೆ, ಉಳ್ಳವರ ಶಾಲೆ, ಎರಡರಲ್ಲೂ ಮಕ್ಕಳ ಹಲ್ಲುಗಳನ್ನು ನೋಡಿ ನೋಡಿಯೇ ತನಗೆ ರಾಜಕೀಯ ಅರ್ಥವಾಯಿತು ಎನ್ನುತ್ತಿದ್ದರು. ಎರಡು ಸಲ ಸೋತು ಆಮೇಲೆ ಗೆದ್ದರು. ಗೆದ್ದ ಮೇಲೆ ಬೆಟ್ಟದ ಕಡೆಯ ಬಡಾವಣೆಗೆ ಬಸ್ಸು ತಂದರು, ಬೀದಿದೀಪ ತಂದರು, ಪೊಲೀಸ್ ಮುಖ್ಯಸ್ಥನನ್ನು ಕರೆದು ತಮ್ಮ ಅಡುಗೆಮನೆಯ ಮೇಜಿಗೆ ಕೂರಿಸಿ, ಮಕ್ಕಳನ್ನು ಕಳೆದುಕೊಂಡ ತಾಯಂದಿರ ಮುಖ ನೋಡಿಸಿದರು. ಅವರ ಕೆಲಸದ ರೀತಿ ಒಂದೇ. ಯಾರು ತನ್ನನ್ನು ವಿರೋಧಿಸುತ್ತಾರೋ ಅವರ ಮನೆಗೆ ಹೇಳದೆ ಹೋಗಿ, ಬಾಗಿಲು ತಟ್ಟಿ, ಒಂದು ಕಾಫಿ ಕೇಳುವುದು. “ಮೀಟಿಂಗಿನಲ್ಲಿ ಜನ ಮೈಕಿನ ಹತ್ತಿರ ಮಾತಾಡುತ್ತಾರೆ,” ಅಂದಿದ್ದರು ಒಮ್ಮೆ. “ಕಾಫಿ ಕೊಟ್ಟವರು ಮಾತ್ರ ನನ್ನ ಹತ್ತಿರ ಮಾತಾಡಬೇಕಾಗುತ್ತದೆ.”

ಅಜ್ಜಿಗೂ ಅವರಿಗೂ ನಂಟು ಬೆಳೆದದ್ದೂ ಕಾಫಿಯಿಂದಲೇ. ಲೂಯಿಸಿಯಾನಾದವರು ಕಾಫಿಗೆ ಚಿಕೋರಿ ಹಾಕುತ್ತಾರೆ ಅನ್ನುವುದು ನಮಗಾರಿಗೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಮಿಸ್ ಲೂಸಿಲ್ ಅವರ ಕಿಟಕಿಯಿಂದ ಬಂದ ವಾಸನೆಗೆ ಅಜ್ಜಿ ಮೂಗರಳಿಸಿ ಹಿತ್ತಿಲಿಗೆ ಇಳಿದರು. “ಇದಕ್ಕೆ ಚಿಕೋರಿ ಹಾಕಿದ್ದಾರೆ ಮಾರಾಯ್ತಿ, ಕೇಳು ಅವರತ್ರ,” ಅಂದರು. ನಾನು ಕೇಳಿದೆ. ಮಿಸ್ ಲೂಸಿಲ್ ಒಳಗೆ ಹೋಗಿ ಡಬ್ಬಿ ತಂದು ದೂರದಿಂದ ತೋರಿಸಿದರು. ಅಜ್ಜಿ ಒಳಗೆ ಹೋಗಿ ಉಡುಪಿಯಿಂದ ತಂದ ಪುಡಿಯ ಪೊಟ್ಟಣ ತಂದು ದೂರದಿಂದ ತೋರಿಸಿದರು. ಅವತ್ತಿನಿಂದ ಮಧ್ಯಾಹ್ನ ಊಟವಾದ ಮೇಲೆ ನಿಂಬೆಗಿಡದ ಕೆಳಗೆ ಕಾಫಿ ಶುರುವಾಯಿತು. ಮಾಡುವವರು ಅಜ್ಜಿ, ಕುಡಿಯುವವರು ಇಬ್ಬರು, ನಡುವೆ ಮಾತು ದಾಟಿಸುವವಳು ನಾನು. ಮಿಸ್ ಲೂಸಿಲ್‌ಗೆಂದೇ ಅಜ್ಜಿ ಒಂದು ಪಿಂಗಾಣಿ ಲೋಟ ಎತ್ತಿಟ್ಟರು, ಬಿಳಿಯದು, ನೀಲಿ ಪಟ್ಟಿಯದು. ಅದನ್ನು ಕಟ್ಟೆಯ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದು, ಮೊಳದೆತ್ತರದಿಂದ ಕಾಫಿ ಹೊಯ್ಯುತ್ತಿದ್ದರು, ಒಂದು ತೊಟ್ಟೂ ಚೆಲ್ಲದ ಹಾಗೆ, ಪಾತ್ರೆಗೆ ಪಾತ್ರೆ ತಾಗದ ಹಾಗೆ. ಮಿಸ್ ಲೂಸಿಲ್ ಅದನ್ನು ಕೈಚಳಕ ಅಂದುಕೊಂಡು ಚಪ್ಪಾಳೆ ತಟ್ಟಿದರು. ಅಜ್ಜಿಗೆ ನಾಚಿಕೆಯಾಯಿತು, ಖುಷಿಯೂ ಆಯಿತು.

ಆ ಬೇಸಿಗೆಯಲ್ಲಿ ನಮ್ಮ ರಸ್ತೆಯಲ್ಲೂ ಮೆರವಣಿಗೆ ಹೋಯಿತು. ಪೊಲೀಸರ ಕೈಯಲ್ಲಿ ಸತ್ತವರ ಹೆಸರುಗಳನ್ನು ಕೂಗುತ್ತ, ಮಾಸ್ಕು ಹಾಕಿಕೊಂಡ ಹುಡುಗ ಹುಡುಗಿಯರು. ನಡೆಯಲು ಮಂಡಿ ಬಿಡದ ಮಿಸ್ ಲೂಸಿಲ್ ಕುರ್ಚಿಯನ್ನು ಗೇಟಿನ ಹೊರಗೆ ಹಾಕಿಸಿಕೊಂಡು ಕೂತರು. ಹೋಗುವವರೆಲ್ಲ ಅವರ ಮುಂದೆ ಒಂದು ಕ್ಷಣ ನಿಂತು, ಎದೆಯ ಮೇಲೆ ಕೈಯಿಟ್ಟು ಮುಂದೆ ಹೋಗುತ್ತಿದ್ದರು. ಬೇಲಿಯ ಸಂದಿಯಿಂದ ನೋಡುತ್ತಿದ್ದ ಅಜ್ಜಿ ಏನು ಎತ್ತ ಅಂತ ನನ್ನಿಂದ ಕೇಳಿ ತಿಳಿದುಕೊಂಡರು. “ಈ ಬಿಸಿಲಿಗೆ ಮಕ್ಕಳು ಬಾಯಾರಿ ಸಾಯ್ತಾವೆ,” ಅಂದವರು ಮನೆಯಲ್ಲಿದ್ದ ಮೊಸರನ್ನೆಲ್ಲ ಕಡೆದು, ಶುಂಠಿ ಜಜ್ಜಿ ಹಾಕಿ, ನೀರುಮಜ್ಜಿಗೆ ಮಾಡಿದರು. ಕಾಗದದ ಲೋಟಗಳಲ್ಲಿ ನಾನು ಹಂಚಿದೆ. ಸೀರೆಯುಟ್ಟ ಅಜ್ಜಿ ಮಿಸ್ ಲೂಸಿಲ್ ಪಕ್ಕದ ಕುರ್ಚಿಯಲ್ಲಿ ಕೂತು, ಯಾರು ಪೂರ್ತಿ ಕುಡಿದರು, ಯಾರು ಮುಖ ಕಿವುಚಿ ಬೇಲಿಗೆ ಚೆಲ್ಲಿದರು ಎಂದು ಲೆಕ್ಕವಿಟ್ಟರು. ಸಂಜೆ ಮಿಸ್ ಲೂಸಿಲ್ ಹೇಳಿದರು, “ನಿನ್ನ ಅಜ್ಜಿ ಚುನಾವಣೆಗೆ ನಿಂತರೆ ನಾನು ಹಿಂದೆ ಸರಿಯುತ್ತೇನೆ.”

ಮರುವರ್ಷ ಎಲ್ಲರಿಗೂ ಲಸಿಕೆಯಾಯಿತು. ಮಾಸ್ಕುಗಳು ಇಳಿದವು, ಕುರ್ಚಿಗಳು ಹತ್ತಿರ ಬಂದವು. ಬರ್ಬ್ಯಾಂಕ್‌ನಲ್ಲಿ ಕೆಲಸ ಮಾಡುತ್ತಿದ್ದ ಅಪ್ಪನ ಸ್ನೇಹಿತರೊಬ್ಬರು, ನಮ್ಮ ಕಡೆಯವರೇ, ಭಾನುವಾರಗಳಲ್ಲಿ ಬರತೊಡಗಿದರು. ಅವರೂ ಹಿತ್ತಿಲಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು, ನಮ್ಮ ಸ್ಟೀಲಿನ ಲೋಟದಲ್ಲಿ. ಅವರ ಲೋಟ ನಮ್ಮ ಲೋಟಗಳ ಜೊತೆ ಒಳಗೆ ಸಿಂಕಿಗೆ ಹೋಗುತ್ತಿತ್ತು. ಮಿಸ್ ಲೂಸಿಲ್‌ರ ಪಿಂಗಾಣಿ ಲೋಟವನ್ನು ಮಾತ್ರ ಅಜ್ಜಿ ಹಿತ್ತಿಲಿನ ನಲ್ಲಿಯಲ್ಲಿ ತೊಳೆಸಿ, ಕಿಟಕಿಯ ಹೊರಗಿನ ಅಂಚಿನ ಮೇಲೆ ಬೋರಲು ಹಾಕಿಸುತ್ತಿದ್ದರು. ಕೊರೊನಾದ ವರ್ಷ ಅದು ಯಾರಿಗೂ ಕಾಣಿಸಿರಲಿಲ್ಲ. ಎಲ್ಲರ ಲೋಟವೂ ಬೇರೆಯಾಗಿದ್ದ ಕಾಲ ಅದು. ಮುಟ್ಟಬಾರದು, ದೂರ ನಿಲ್ಲಬೇಕು ಅಂತ ಸರ್ಕಾರವೇ ಹೇಳುತ್ತಿತ್ತು. ಅಜ್ಜಿಯ ಮಡಿಗೆ ಇಡೀ ಕ್ಯಾಲಿಫೋರ್ನಿಯಾ ಮುಸುಕು ಹಾಕಿಕೊಟ್ಟಿತ್ತು. ಈಗ ಮುಸುಕು ಜಾರಿತ್ತು. ಅಮ್ಮನಿಗೆ ಮಾತ್ರ ಮೊದಲಿನಿಂದಲೂ ಗೊತ್ತಿತ್ತು. “ವಯಸ್ಸಾದವರು, ಇನ್ನು ಕೆಲವು ತಿಂಗಳಿಗೆ ಹೊರಡ್ತಾರೆ, ಈಗ್ಯಾಕೆ ಎಬ್ಬಿಸೋದು?” ಎಂದು ಅಪ್ಪನ ಹತ್ತಿರ ಹೇಳುತ್ತಿದ್ದಳು. ಅಪ್ಪ ಹೂಂ ಅನ್ನುತ್ತಿದ್ದರು.

ಒಂದು ಭಾನುವಾರ ಸಂಜೆ, ಸ್ನೇಹಿತರು ಹೋದ ಮೇಲೆ, ಮಿಸ್ ಲೂಸಿಲ್ ಎದ್ದು ಹೋಗದೆ ಕೂತೇ ಇದ್ದರು. ಅಜ್ಜಿ ಒಳಗಿದ್ದರು. ಮಿಸ್ ಲೂಸಿಲ್ ಕಿಟಕಿಯ ಅಂಚನ್ನು ತೋರಿಸಿ ಮೆಲ್ಲಗೆ ಕೇಳಿದರು, “ನನ್ನ ಲೋಟ ಯಾಕೆ ಹೊರಗೆ ಮಲಗುತ್ತದೆ?” ಮಡಿ ಅಂದರೇನೆಂದು ಹೇಳಿದೆ. ಊಟದವರೆಗೆ ಅಜ್ಜಿ ನನ್ನನ್ನೂ ಮುಟ್ಟಿಸಿಕೊಳ್ಳುವುದಿಲ್ಲ, ಅಪ್ಪನನ್ನೂ ಮುಟ್ಟಿಸಿಕೊಳ್ಳುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. “ಆದರೆ ನಿನ್ನ ಲೋಟ ಒಳಗೆ ಮಲಗುತ್ತದೆ,” ಅಂದರು. ಅವರು ನನ್ನ ತಲೆ ಸವರಿ, ಜಗಲಿಯ ಕಂಬ ಹಿಡಿದುಕೊಂಡು ಒಳಗೆ ಹೋದರು.

ಮರುದಿನ ಅವರು ಕಾಫಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅಜ್ಜಿ ಡಿಕಾಕ್ಷನ್ ಇಳಿಸಿಟ್ಟು, ಹಾಲು ಬಿಸಿಮಾಡಿ, ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದರು. “ಹುಷಾರಿಲ್ವಾ ಅವರಿಗೆ? ಹೋಗಿ ನೋಡಿ ಬಾ,” ಎನ್ನುತ್ತಿದ್ದರು. ನನಗೆ ಅಳು ಬರುತ್ತಿತ್ತು. ಅಜ್ಜಿಗೆ ಈ ದೇಶದಲ್ಲಿ ಇದ್ದದ್ದು ಒಬ್ಬರೇ ಸ್ನೇಹಿತೆ. ಆ ಕಾಫಿ ನಿಂತರೆ ಅಜ್ಜಿ ಕಾರಣವೇ ತಿಳಿಯದೆ ಊರಿಗೆ ಹೋಗುತ್ತಿದ್ದರು, ಇವರು ಕಾರಣ ತಿಳಿದುಕೊಂಡೇ ಇಲ್ಲಿ ಉಳಿಯುತ್ತಿದ್ದರು. ಇಬ್ಬರನ್ನೂ ನಾನು ಎಷ್ಟು ಹಚ್ಚಿಕೊಂಡಿದ್ದೆನೆಂದರೆ, ಯಾರ ಮೇಲೆ ಸಿಟ್ಟು ಮಾಡಬೇಕು ಅನ್ನುವುದೇ ತಿಳಿಯದೆ ಎಲ್ಲ ಸಿಟ್ಟನ್ನೂ ಅಮ್ಮನ ಮೇಲೆ ತೀರಿಸಿಕೊಂಡೆ.

ಆಮೇಲೊಂದು ದಿನ ಮಧ್ಯಾಹ್ನ ನಮ್ಮ ಬಾಗಿಲು ತಟ್ಟಿದ ಸದ್ದಾಯಿತು. ಮಿಸ್ ಲೂಸಿಲ್. ಅದುವರೆಗೆ ಅವರು ಹಿತ್ತಿಲಿಗೆ ಬರುತ್ತಿದ್ದರೇ ಹೊರತು ಬಾಗಿಲು ತಟ್ಟಿದ್ದಿಲ್ಲ. ಕಿವಿಗೆ ಮುತ್ತು, ತುಟಿಗೆ ಬಣ್ಣ. ವಿರೋಧಿಗಳ ಮನೆಗೆ ಹೀಗೆಯೇ ಹೋಗುತ್ತಿದ್ದರೇನೋ. ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ ಕೂತು, “ನಿನ್ನ ಅಜ್ಜಿಗೆ ನಾನೊಂದು ಕಥೆ ಹೇಳಬೇಕು. ನೀನು ಒಂದು ಮಾತೂ ಬಿಡಬೇಡ, ಒಂದು ಮಾತೂ ಸೇರಿಸಬೇಡ,” ಅಂದರು. ಅಜ್ಜಿ ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕೂತರು. ನಾನು ನಡುವೆ.

ಮಿಸ್ ಲೂಸಿಲ್ ಚಿಕ್ಕವರಿದ್ದಾಗ ಊರಿಗೊಂದು ಈಜುಕೊಳ ಇತ್ತು. ಕಪ್ಪು ಮಕ್ಕಳಿಗೆ ವಾರದಲ್ಲಿ ಒಂದೇ ದಿನ ಪ್ರವೇಶ. ಆ ದಿನಕ್ಕಾಗಿ ವಾರವಿಡೀ ಕಾಯುತ್ತಿದ್ದರಂತೆ. ಒಮ್ಮೆ ಟವೆಲ್ ಮರೆತು ವಾಪಸು ಓಡಿಬಂದಾಗ ನೋಡಿದರು, ಕೊಳದ ತೂಬು ತೆಗೆದಿದ್ದಾರೆ. ನೀರೆಲ್ಲ ಇಳಿಯುತ್ತಿದೆ. ಕೆಲಸದವನು ಗೋಡೆಗಳನ್ನು ಉಜ್ಜುತ್ತಿದ್ದಾನೆ. ಯಾಕೆ ಅಂತ ಕೇಳಿದ್ದಕ್ಕೆ ಅವನು ಸಹಜವಾಗಿ, ಕೆಟ್ಟ ಮನಸ್ಸಿನಿಂದಲೂ ಅಲ್ಲ, “ನಾಳೆ ಬೇರೆಯವರು ಬರ್ತಾರಲ್ಲ” ಅಂದನಂತೆ. ಮಿಸ್ ಲೂಸಿಲ್ ಅಷ್ಟಕ್ಕೇ ನಿಲ್ಲಿಸಿದರು. ಲೋಟದ ಮಾತೇ ಎತ್ತಲಿಲ್ಲ. ನಾನು ಹೇಳಿ ಮುಗಿಸಿದೆ. ಅಜ್ಜಿ ಕೇಳಿದರು, “ಅಷ್ಟೂ ನೀರಾ?”

“ಅಷ್ಟೂ,” ಅಂದರು ಮಿಸ್ ಲೂಸಿಲ್.

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡತೊಡಗಿದರು. ಅವರ ಕಣ್ಣು ಹೊರಗಿನ ಅಂಚಿನ ಮೇಲಿದ್ದ ಲೋಟದ ಕಡೆ ಒಮ್ಮೆ ಹೋಗಿ ಬಂತು. ಆಮೇಲೆ ನನ್ನ ಮುಖ ನೋಡದೆ ಹೇಳಿದರು. “ನಾನು ಮದುವೆಯಾಗಿ ಬಂದ ಹೊಸತು. ಬೇಸಗೆ. ಗದ್ದೆ ಕೆಲಸಕ್ಕೆ ಬರ್ತಿದ್ದವಳ ಮಗು ಒಂದು ನಮ್ಮ ಬಾವಿಗೆ ಕೊಡಪಾನ ಇಳಿಸಿತ್ತು. ಆಸರಿಗೆ, ಪಾಪ, ಬಾಯಾರಿತ್ತು ಅದಕ್ಕೆ. ನಮ್ಮ ಮಾವ ಬಾವಿಯ ನೀರು ಪೂರಾ ಎಳೆಸಿ ಚೆಲ್ಲಿಸಿದ್ರು. ಆ ಮಗು ನೋಡ್ತಾ ನಿಂತಿತ್ತು. ನಾನೂ ನೋಡ್ತಾ ನಿಂತಿದ್ದೆ.” ನಾನು ಅದನ್ನೂ ಒಂದು ಮಾತು ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಮಿಸ್ ಲೂಸಿಲ್ ಕೇಳಿದ್ದು ಒಂದೇ ಪ್ರಶ್ನೆ. “ಆಮೇಲೆ ಆ ಮಗುವಿಗೆ ಯಾರಾದರೂ ನೀರು ಕೊಟ್ಟರಾ?”

ಅಜ್ಜಿ ಬೆರಳಿನಿಂದ ಸೆರಗು ಬಿಚ್ಚಿದರು. “ಇಲ್ಲ,” ಅಂದರು. “ಯಾರಿಗೂ ನೆನಪೇ ಆಗ್ಲಿಲ್ಲ.”

ಅವತ್ತು ಕಾಫಿ ಆಗಲಿಲ್ಲ. ಮಿಸ್ ಲೂಸಿಲ್ ಮೆಲ್ಲಗೆ ಎದ್ದು, ಅಜ್ಜಿಗೆ ತಲೆಬಾಗಿಸಿ ಹೋದರು. ಮರುದಿನ ಬೆಳಿಗ್ಗೆ ನಾನೂ ಅಮ್ಮನೂ ನೋಡುತ್ತಿದ್ದ ಹಾಗೆಯೇ ಅಜ್ಜಿ ಮಿಂದು, ಮಡಿಸೀರೆ ಉಟ್ಟು, ಊಟಕ್ಕೆ ಇನ್ನೂ ಎಷ್ಟೋ ಹೊತ್ತಿರುವಾಗಲೇ ಹಿತ್ತಿಲಿಗೆ ಹೋಗಿ ಆ ಲೋಟವನ್ನು ತಾವೇ ಕೈಯಲ್ಲಿ ಎತ್ತಿಕೊಂಡು ಬಂದರು. ಒಲೆಯ ಹತ್ತಿರ ಅದನ್ನು ಹಿಡಿದುಕೊಂಡು ಸ್ವಲ್ಪ ನಿಂತರು. ಮತ್ತೆ ಮೀಯುತ್ತಾರೇನೋ ಅಂತ ಅಮ್ಮ ಗೀಸರ್ ಕಡೆ ನೋಡಿದಳು. ಅಜ್ಜಿ ಮೀಯಲಿಲ್ಲ. ಲೋಟವನ್ನು ತಮ್ಮ ಲೋಟದ ಪಕ್ಕ ಇಟ್ಟು ಅಡುಗೆ ಮುಂದುವರಿಸಿದರು. ಮಧ್ಯಾಹ್ನ ಮಿಸ್ ಲೂಸಿಲ್ ಮತ್ತೆ ನಿಂಬೆಗಿಡದ ಕೆಳಗೆ ಬಂದು ಕೂತಾಗ, ಅದರಲ್ಲಿ ಕಾಫಿ ತುಂಬಿ ಅವರ ಕೈಗೆ ಕೊಟ್ಟರು, ಕೈಯಿಂದ ಕೈಗೆ. ಮಿಸ್ ಲೂಸಿಲ್ ಲೋಟದೊಳಗೆ ಇಣುಕಿ, ಮುಖ ಸಪ್ಪೆ ಮಾಡಿಕೊಂಡು, “ಇವತ್ತು ಮೇಲಿನಿಂದ ಹೊಯ್ಯುವುದಿಲ್ಲವಾ? ನನಗೆ ಅದು ಇಷ್ಟವಾಗಿತ್ತು,” ಅಂದರು. ನಾನು ಹೇಳಿದ್ದೇ ತಡ, ಅಜ್ಜಿ ನಕ್ಕ ನಗೆಗೆ ಕುರ್ಚಿಯೇ ಅಲುಗಾಡಿತು. ಆಮೇಲೆ ಒಂದು ಮೊಳವಲ್ಲ, ಎರಡು ಮೊಳ ಎತ್ತರದಿಂದ ಹೊಯ್ದು ತೋರಿಸಿದರು.

ಅಜ್ಜಿ ಅಲ್ಲಿಗೆ ಬೇರೆ ಮನುಷ್ಯರಾಗಿಬಿಟ್ಟರು ಅಂತ ನಾನು ಹೇಳಲಾರೆ. ಮಡಿಸೀರೆಗೆ ನನ್ನ ಕೈ ತಾಗಿದರೆ ಮೊದಲಿನ ಹಾಗೆಯೇ ಬೈಯುತ್ತಿದ್ದರು. ಆದರೆ ಆ ನೀಲಿಪಟ್ಟಿ ಲೋಟ ಮತ್ತೆ ಹೊರಗೆ ಮಲಗಲಿಲ್ಲ. ವರ್ಷದ ಕೊನೆಗೆ ವಿಮಾನ ಸಿಕ್ಕಿ ಅವರು ಊರಿಗೆ ಹೊರಟಾಗ, ಮಿಸ್ ಲೂಸಿಲ್ ಗೇಟಿನವರೆಗೆ ಕೋಲೂರಿಕೊಂಡು ಬಂದರು. ಅಜ್ಜಿ ಅವರ ಎರಡೂ ಕೈ ಹಿಡಿದುಕೊಂಡು ಕನ್ನಡದಲ್ಲೇ ಏನೇನೋ ಹೇಳಿದರು. ಅವರು ಇಂಗ್ಲಿಷಿನಲ್ಲೇ ಏನೇನೋ ಹೇಳಿದರು. ನನ್ನನ್ನು ಯಾರೂ ಕರೆಯಲಿಲ್ಲ. ಅಪ್ಪ ಕಾರಿನ ಹಾರ್ನ್ ಒತ್ತುವವರೆಗೆ ಅವರಿಬ್ಬರೂ ಅಲ್ಲೇ ನಿಂತಿದ್ದರು.

ಅದಾಗಿ ಎರಡು ವರ್ಷಕ್ಕೆ ಅಪ್ಪನಿಗೆ ಪೊವೇಯಲ್ಲಿ ಕೆಲಸವಾಗಿ ನಾವು ಸ್ಯಾನ್ ಡಿಯೇಗೋ ಕಡೆ ಬಂದೆವು. ಮೂರು ಬೆಡ್‌ರೂಮಿನ ಮನೆ, ಯಾರೂ ಗೋಡೆಗೆ ಅಂಟಿಕೊಂಡು ನಡೆಯಬೇಕಾಗಿರಲಿಲ್ಲ. ನನಗೆ ಅದೇ ಬಿಕೋ ಅನ್ನಿಸುತ್ತಿತ್ತು. ಆಮೇಲೆ 2025ರ ಜನವರಿಯಲ್ಲಿ ಪಸಡೀನಾದ ಬೆಟ್ಟದ ಕಡೆಯಿಂದ ಗಾಳಿಯ ಜೊತೆ ಬೆಂಕಿ ಇಳಿಯಿತು. ಬೀದಿಗೆ ಬೀದಿಯೇ ಹೋಯಿತು. ಮಿಸ್ ಲೂಸಿಲ್‌ರನ್ನು ಅವರ ತಂಗಿಯ ಮಗಳು ಸಮಯಕ್ಕೆ ಬಂದು ಲಾಸ್ ಏಂಜಲೀಸಿನ ತನ್ನ ಅಪಾರ್ಟ್‌ಮೆಂಟಿಗೆ ಕರೆದುಕೊಂಡು ಹೋಗಿದ್ದಳು. ಬೆಂಕಿ ಆರಿ, ಜನರನ್ನು ಆ ಬೀದಿಗಳ ಒಳಗೆ ಬಿಟ್ಟ ಮೇಲೆ ಅಪ್ಪನೂ ನಾನೂ ಹೋಗಿ ನೋಡಿದೆವು. ಇಟ್ಟಿಗೆಯ ಚಿಮಣಿ ಒಂದು ನಿಂತಿತ್ತು. ಹಿತ್ತಿಲು ಯಾವುದು, ನಮ್ಮ ಮನೆ ಯಾವುದು, ಎಲ್ಲಿ ಕೂತು ನಾನು ಎರಡು ಭಾಷೆಗಳ ನಡುವೆ ಓಡಾಡಿದೆ, ಒಂದೂ ಗೊತ್ತಾಗಲಿಲ್ಲ. ಬೂದಿಯೆಲ್ಲ ಒಂದೇ ಬಣ್ಣ. ಅಲ್ಲಿಂದ ಅವರನ್ನು ನೋಡಲು ಹೋದೆವು. ಪರರ ಸೋಫಾದ ಮೇಲೆ, ಕಿವಿಗೆ ಮುತ್ತಿಲ್ಲದೆ, ಬಹಳ ಸಣ್ಣಗೆ ಕಾಣುತ್ತಿದ್ದರು. “ನನ್ನ ಮೊದಲನೇ ವೋಟು ಸುಟ್ಟಿರಲಾರದು,” ಅಂದರು. “ಯಾರಿಗೆ ಸಿಗುತ್ತದೋ ಅವರು ಚುನಾವಣೆಗೆ ನಿಲ್ಲಲಿ.” ಅಜ್ಜಿ ಹೇಗಿದ್ದಾರೆ ಅಂತ ಕೇಳಿದರು. ಅವರಿಗೆ ಮನೆಯ ಸುದ್ದಿ ಹೇಳಬೇಡ ಅಂದರು.

ಬೇಸಿಗೆ ಬರುವ ಮೊದಲೇ ಅವರು ತೀರಿಕೊಂಡರು. ತಂಗಿಯ ಮಗಳು ಸಂಜೆ ಫೋನ್ ಮಾಡಿದಳು. ಉಡುಪಿಯಲ್ಲಿ ಆಗ ಬೆಳಗಾಗಿತ್ತು. ಅಜ್ಜಿ ಅಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದರು. ಮಿಂದು, ದೇವರ ಮುಂದೆ ದೀಪ ಹಚ್ಚಿ ಆಗಿತ್ತು. ಅಪ್ಪ ಅಲ್ಲಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ ನನ್ನ ಮುಂದೆ ಇಟ್ಟರು, ಹೇಳುವ ಕೆಲಸ ಯಾವತ್ತಿನ ಹಾಗೆ ನನ್ನದೇ ಎಂಬಂತೆ. ನಾನು ಹೇಳಿದೆ. ಅತ್ತಲಿಂದ ಅಜ್ಜಿ ಮಣೆಯಿಂದ ಏಳುವ ಸದ್ದು.

“ನಾನು ಮಿಂದು ಬರ್ತೇನೆ,” ಅಂದರು.

ನಮ್ಮಲ್ಲಿ ಹತ್ತಿರದ ಸಂಬಂಧದವರು ಸತ್ತ ಸುದ್ದಿ ಬಂದರೆ, ಕೇಳಿದಲ್ಲಿಂದಲೇ ಎದ್ದು ತಲೆಗೆ ತಣ್ಣೀರು ಹಾಕಿಕೊಳ್ಳಬೇಕು. ಒಂದೇ ಕುಲದವರು, ಸೂತಕ ತಾಗುವವರು, ಅವರಿಗೆ ಮಾತ್ರ. ನೆರೆಹೊರೆಗೆ ಅದಿಲ್ಲ, ಸ್ನೇಹಿತರಿಗೂ ಅದಿಲ್ಲ. ಅಪ್ಪ ಫೋನಿಗೆ ಬಗ್ಗಿ, “ಅಮ್ಮ, ನೀನು ಯಾಕೆ ಮೀಯುದು? ಅವರು ನಮಗೆ ಸಂಬಂಧ ಅಲ್ವಲ್ಲ, ನಮಗೆ ಸೂತಕ ಇಲ್ಲ,” ಅಂದರು.

“ನಿನಗೆ ಇಲ್ಲದೆ ಇರಬಹುದು,” ಅಂದರು ಅಜ್ಜಿ. “ನನಗೆ ಉಂಟು.”

ನೀರು ಕಾಯಿಸಿ ಕೊಡುತ್ತೇನೆ ಎಂದು ದೊಡ್ಡಪ್ಪ ದೂರದಿಂದ ಹೇಳುವುದು ಕೇಳಿತು. ಅಜ್ಜಿ ಬೇಡವೆಂದಿರಬೇಕು. ಫೋನು ಅಲ್ಲಿ ಎಲ್ಲೋ ಹಾಗೆಯೇ ಉಳಿಯಿತು. ಸ್ವಲ್ಪ ಹೊತ್ತಿಗೆ ನೀರು ಬೀಳುವ ಸದ್ದು, ಒಂದು ತಂಬಿಗೆ, ಮತ್ತೊಂದು, ಮತ್ತೊಂದು. ಅಪ್ಪ ಫೋನನ್ನು ಆಫ್ ಮಾಡದೆ ಅದನ್ನೇ ಕೇಳುತ್ತ ಕೂತಿದ್ದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅಂಗಿಯ ಗುಂಡಿ ಬಿಚ್ಚುತ್ತ ಬಾತ್‌ರೂಮಿನ ಕಡೆ ನಡೆದರು. ಅವರು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದ ಮೇಲೆ ನಾನು ಹೋದೆ.